ರಕ್ತದಲ್ಲಿ ಗಾಯದ ಗುರುತು

ಮುಂಬಯಿ ಕಡೆಯಿಂದ ಬರುವ ಲೋಕಲ್ ಗಾಡಿ ಥಾಣೆ ಖಾಡಿಯ ಸೇತುವೆ ದಾಟಿದ ಕೂಡಲೇ ಸಿಗುವ ನಿಲ್ದಾಣ ವಾಶಿ. ನವಿ ಮುಂಬಯಿ ಕಟ್ಟಲೆಂದೇ 1970ರಲ್ಲಿ ಹುಟ್ಟಿದ ಸಿಡ್ಕೊ ಸಂಸ್ಥೆ ಮೊದಮೊದಲು ಬೆಳೆಸಿದ ಬಡಾವಣೆ ಇದು. ಮೊದಲು ರಸ್ತೆ ಸೇತುವೆ ಬಂತು, 1992ರಲ್ಲಿ ರೈಲು ಬಂತು. ಸಗಟು ಮಾರುಕಟ್ಟೆ ಖಾಡಿಯ ಈಚೆಗೆ ಸರಿದ ಮೇಲೆ ಮಹಾನಗರದ ಈರುಳ್ಳಿ, ಮಸಾಲೆ, ಹಣ್ಣು ಇಲ್ಲಿಂದಲೇ ಹೋಗತೊಡಗಿದವು. ಲಾರಿಗಳ ಹಿಂದೆಯೇ ಹೋಟೆಲುಗಳು ಬಂದವು, ಹೋಟೆಲುಗಳ ಜೊತೆ ಕರಾವಳಿಯ ಹುಡುಗರು ಬಂದರು, ಅವರ ಸಂಸಾರಗಳು ಬಂದವು, ಕನ್ನಡ ಸಂಘ ಬಂತು.

ವಾಶಿಗೆ ಇನ್ನೊಂದು ಮುಖವೂ ಇದೆ. ಸೆಕ್ಟರ್ 20ರಲ್ಲಿ ಅಣುಶಕ್ತಿ ಇಲಾಖೆಯ ಒಂದು ಸಂಕೀರ್ಣವಿದೆ. ವಿಕಿರಣ ಮತ್ತು ಐಸೊಟೋಪ್ ತಂತ್ರಜ್ಞಾನ ಮಂಡಳಿ, ಚುಟುಕಾಗಿ ಬ್ರಿಟ್, 1989ರಲ್ಲಿ ಪ್ರತ್ಯೇಕ ಘಟಕವಾಯಿತು. ರಕ್ತದಲ್ಲಿರುವ ಥೈರಾಯ್ಡ್ ಹಾರ್ಮೋನನ್ನು ಅಳೆಯುವ ಕಿಟ್‌ಗಳನ್ನು ತಯಾರಿಸಿ ದೇಶದ ಪ್ರಯೋಗಾಲಯಗಳಿಗೆ ಕೊಟ್ಟ ಸಂಸ್ಥೆಗಳಲ್ಲಿ ಇದೂ ಒಂದು. ಪಕ್ಕದ ತುರ್ಭೆಯ ಕೈಗಾರಿಕಾ ಪ್ರದೇಶದಲ್ಲಿ, ಭಾಭಾ ಅಣು ಸಂಶೋಧನಾ ಕೇಂದ್ರದ ಕೆಲಸ ಬಿಟ್ಟು ಬಂದ ಎ. ವೇಲುಮಣಿ ಕಟ್ಟಿದ ಥೈರೋಕೇರ್‌ನ ಕೇಂದ್ರ ಪ್ರಯೋಗಾಲಯವಿದೆ. ದೇಶದ ಬೇರೆ ಬೇರೆ ಊರುಗಳಲ್ಲಿ ತೆಗೆದ ರಕ್ತ ಇಲ್ಲಿಗೆ ಬಂದು, ಅಂಕಿಯಾಗಿ ತಿರುಗಿ, ಮತ್ತೆ ಆಯಾ ಊರಿನ ರೋಗಿಯ ಮೊಬೈಲಿಗೆ ಹೋಗುತ್ತದೆ.

ಈ ಎರಡೂ ಕಡೆಯ ಕಸುಬು ಒಂದೇ: ಒಂದು ತೊಟ್ಟು ರಕ್ತದಲ್ಲಿ ಬೇಕಾದ ಒಂದೇ ಒಂದು ಅಣುವನ್ನು ಹುಡುಕಿ ಎಣಿಸುವುದು. ಥೈರಾಯ್ಡಿನ ವಿಷಯದಲ್ಲಿ ಈ ಕಸುಬು ಗೆದ್ದಿತು. ಯಕೃತ್ತಿನ ವಿಷಯದಲ್ಲಿ ಅದು ಎಷ್ಟು ದೂರ ಬಂತು, ಎಲ್ಲಿ ಎಡವಿತು ಎಂಬುದು ಹೆಚ್ಚು ಜನರಿಗೆ ಗೊತ್ತಿಲ್ಲದ ಕಥೆ.

ಹಳದಿ ಇಲ್ಲದ ಕಾಯಿಲೆ

ಯಕೃತ್ತಿನ ಕಾಯಿಲೆಗೆ ಕನ್ನಡದ ಜನರ ಬಾಯಲ್ಲಿರುವ ಹೆಸರು ಕಾಮಾಲೆ. ಕೆಲವು ಕಡೆ ಕಾಮಣಿ, ಕೆಲವು ಕಡೆ ಅರಿಶಿನ ಕಾಮಾಲೆ. ವಾಶಿಯ ಮರಾಠಿ ನೆರೆಯವರು ಕಾವೀಳ್ ಎನ್ನುತ್ತಾರೆ. ಎಲ್ಲವೂ ಸಂಸ್ಕೃತದ ಕಾಮಲಾದ ಮಕ್ಕಳೇ. ಕಣ್ಣು ಹಳದಿಯಾದರೆ ಕಾಯಿಲೆ, ಹಳದಿ ಇಳಿದರೆ ಗುಣ. ನೆಲನೆಲ್ಲಿಯ ರಸ ಕುಡಿಸುವವರೂ ಬರೆ ಹಾಕುವವರೂ ನಂಬಿದ್ದು ಈ ಲೆಕ್ಕವನ್ನೇ. ಕೊಳೆ ನೀರಿನಿಂದ ಬರುವ ಹೆಪಟೈಟಿಸ್ ಎ ಬಹುಪಾಲು ಜನರಲ್ಲಿ ಕೆಲವು ವಾರಗಳಲ್ಲಿ ತಾನಾಗಿ ಇಳಿಯುವುದರಿಂದ ಈ ಲೆಕ್ಕ ತಪ್ಪೆಂದು ಯಾರಿಗೂ ಅನಿಸಲಿಲ್ಲ.

ದೀರ್ಘಕಾಲದ ಕಾಯಿಲೆಯ ದಾರಿ ಬೇರೆ. ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಮದ್ಯ, ಸಕ್ಕರೆ ಕಾಯಿಲೆಯ ಜೊತೆ ಬರುವ ಕೊಬ್ಬು, ಯಾವುದೇ ಇರಲಿ, ಯಕೃತ್ತನ್ನು ಹತ್ತಿಪ್ಪತ್ತು ವರ್ಷ ನಿಧಾನವಾಗಿ ಗಾಯಗೊಳಿಸುತ್ತದೆ. ಗಾಯವಾದಲ್ಲೆಲ್ಲ ನಾರು ಕಟ್ಟುತ್ತದೆ. ನಾರು ಬಲಿತು ಯಕೃತ್ತು ಗಂಟುಗಂಟಾಗುವ ಕೊನೆಯ ಹಂತಕ್ಕೆ ಸಿರೋಸಿಸ್ ಎಂದು ಹೆಸರು. ಆ ಹೊತ್ತಿಗೂ ಕಣ್ಣು ಬೆಳ್ಳಗಿರಬಹುದು, ಹಸಿವು ಚೆನ್ನಾಗಿರಬಹುದು. ಹೊಟ್ಟೆಯಲ್ಲಿ ನೀರು ತುಂಬಿದಾಗಲೋ ರಕ್ತವಾಂತಿಯಾದಾಗಲೋ ಮನೆಯವರಿಗೆ ವಿಷಯ ತಿಳಿಯುತ್ತದೆ. ಹಳದಿ ಇಲ್ಲದ ಯಕೃತ್ತಿನ ಕಾಯಿಲೆಗೆ ಜನರ ಮಾತಿನಲ್ಲಿ ಹೆಸರೇ ಇರಲಿಲ್ಲ. ಇತ್ತೀಚೆಗೆ ಸ್ಕ್ಯಾನಿಂಗ್ ಸೆಂಟರಿನಿಂದ ಬಂದ ಫ್ಯಾಟಿ ಲಿವರ್ ಎಂಬ ಪದವೇ ಅದಕ್ಕೆ ಸಿಕ್ಕ ಮೊದಲ ಹೆಸರು.

ಸಿರೋಸಿಸ್ ಎಂಬ ಹೆಸರಿನ ಹಿಂದೆಯೂ ಬಣ್ಣವೇ ಇದೆ. ಸ್ಟೆತಾಸ್ಕೋಪ್ ಕಂಡುಹಿಡಿದ ಫ್ರಾನ್ಸಿನ ಲೆನೆಕ್ 1819ರಲ್ಲಿ, ಹಳದಿಗಂದು ಎಂಬ ಅರ್ಥದ ಗ್ರೀಕ್ ಪದದಿಂದ ಇದನ್ನು ರಚಿಸಿದ. ಸತ್ತವನ ಹೊಟ್ಟೆ ಕೊಯ್ದಾಗ ಕಂಡ ಗಂಟುಗಳ ಬಣ್ಣ ಅದು. ಬದುಕಿದ್ದವರ ಯಕೃತ್ತನ್ನು ನೋಡುವ ದಾರಿ ಆಗ ಇರಲಿಲ್ಲ.

ಸೂಜಿಯ ಕಾಲ

ಆ ದಾರಿ ತೆರೆದದ್ದು ಸೂಜಿ. ಜರ್ಮನಿಯ ಪಾಲ್ ಎರ್ಲಿಖ್ 1883ರಲ್ಲಿ ಬದುಕಿದ್ದ ರೋಗಿಯ ಯಕೃತ್ತಿನಿಂದ ಸೂಜಿಯಲ್ಲಿ ಚೂರು ತೆಗೆದ. 1958ರಲ್ಲಿ ಇಟಲಿಯ ಮೆಂಗಿನಿ ಒಂದೇ ಸೆಕೆಂಡಿನಲ್ಲಿ ಮುಗಿಯುವ ಸೂಜಿಯ ವಿಧಾನವನ್ನು ಪ್ರಕಟಿಸಿದ ಮೇಲೆ ಬಯಾಪ್ಸಿ ಆಸ್ಪತ್ರೆಗಳ ದಿನನಿತ್ಯದ ಕೆಲಸವಾಯಿತು. ಸೂಜಿಗೆ ಬರುವ ಚೂರು ಇಡೀ ಯಕೃತ್ತಿನ ಸುಮಾರು 50,000ದಲ್ಲಿ ಒಂದು ಪಾಲು. ಚೂರು ತೆಗೆದ ಜಾಗ ಚೆನ್ನಾಗಿದ್ದು ಪಕ್ಕದ್ದು ಕೆಟ್ಟಿದ್ದರೆ ವರದಿ ತಪ್ಪುತ್ತದೆ. ರಕ್ತಸ್ರಾವದ ಭಯ ಬೇರೆ. ವರ್ಷವರ್ಷವೂ ಚುಚ್ಚಿಸಿಕೊಳ್ಳಲು ಯಾರೂ ಒಪ್ಪುವುದಿಲ್ಲ.

ರಕ್ತದ ಪರೀಕ್ಷೆಗಳೂ ಇದ್ದವು. ಈಗ ಎಎಸ್‌ಟಿ, ಹಿಂದೆ ಎಸ್‌ಜಿಒಟಿ ಎಂದು ವರದಿಯಲ್ಲಿ ಬರುವ ಕಿಣ್ವವನ್ನು ರಕ್ತದಲ್ಲಿ ಅಳೆಯುವ ವಿಧಾನ 1950ರ ದಶಕದ ನಡುವೆ ನ್ಯೂಯಾರ್ಕಿನಲ್ಲಿ ಬಂತು. ಆರ್ಥರ್ ಕಾರ್ಮೆನ್ ಮತ್ತು ಜೊತೆಗಾರರು ಮೊದಲು ಅದನ್ನು ನೋಡಿದ್ದು ಹೃದಯಾಘಾತದ ಗುರುತಾಗಿ. ಯಕೃತ್ತಿನ ಕೋಶ ಒಡೆದರೂ ಅದು ಏರುತ್ತದೆಂದು ಬೇಗನೆ ತಿಳಿಯಿತು. ಆದರೆ ಈ ಕಿಣ್ವಗಳು ಹೇಳುವುದು ಇಂದು ಎಷ್ಟು ಕೋಶ ಒಡೆಯುತ್ತಿವೆ ಎಂಬುದನ್ನು. ಇಷ್ಟು ವರ್ಷದಲ್ಲಿ ಎಷ್ಟು ನಾರು ಕಟ್ಟಿದೆ ಎಂಬುದನ್ನು ಅವು ಹೇಳುವುದಿಲ್ಲ. ಮನೆ ಉರಿಯುವಾಗ ಹೊಗೆ ಏಳುತ್ತದೆ, ಉರಿದು ಬೂದಿಯಾದ ಮೇಲೆ ಹೊಗೆಯೂ ಇರುವುದಿಲ್ಲ. ಸಿರೋಸಿಸ್ ಆದವರ ಎಸ್‌ಜಿಪಿಟಿ ಎಷ್ಟೋ ಸಲ ಸಹಜವಾಗಿರುವುದು ಹೀಗೆ.

ರಕ್ತವನ್ನು ನಂಬಿದರೆ ದಾರಿ ತಪ್ಪಬಹುದು ಎಂಬುದಕ್ಕೆ ವಾಶಿಯಿಂದ ಘಾಟಿ ಹತ್ತಿದರೆ ಸಿಗುವ ಪುಣೆಯಲ್ಲಿ ಒಂದು ದೊಡ್ಡ ಉದಾಹರಣೆಯಿದೆ. 1887ರಲ್ಲಿ ಕಲ್ಕತ್ತದಿಂದ ಮೊದಲು ವರದಿಯಾದ ಮಕ್ಕಳ ಸಿರೋಸಿಸ್ ಭಾರತದ ಎಷ್ಟೋ ಮನೆಗಳಲ್ಲಿ ತೊಟ್ಟಿಲು ಬರಿದು ಮಾಡಿತ್ತು. ಹೆಚ್ಚಾಗಿ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳು, ಕಲ್ಲಿನಂಥ ಯಕೃತ್ತು, ಬಹುಪಾಲು ಮಕ್ಕಳಿಗೆ ಕೆಲವೇ ತಿಂಗಳಲ್ಲಿ ಸಾವು. ಒಂದೇ ಮನೆಯ ಮಕ್ಕಳು ಒಬ್ಬರ ಹಿಂದೊಬ್ಬರು ಹೋಗುವುದನ್ನು ಕಂಡು ಇದು ವಂಶದ ಶಾಪ ಎಂದುಕೊಂಡವರುಂಟು. 1970ರ ದಶಕದ ಕೊನೆಗೆ ಬಯಾಪ್ಸಿಯ ಚೂರುಗಳಿಗೆ ಬಣ್ಣ ಕಟ್ಟಿ ನೋಡಿದಾಗ ಕೋಶಗಳ ತುಂಬ ತಾಮ್ರ ಕಂಡಿತು. ಆ ಮಕ್ಕಳ ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನು ಸಹಜವಾಗಿಯೋ ತುಸು ಹೆಚ್ಚಾಗಿಯೋ ಇರುತ್ತಿತ್ತು. ತಾಮ್ರ ಕೂಡುವ ಇನ್ನೊಂದು ಕಾಯಿಲೆಯಾದ ವಿಲ್ಸನ್ ರೋಗದಲ್ಲಿ ಅದು ಸಾಮಾನ್ಯವಾಗಿ ಕಡಿಮೆ. ರಕ್ತ ಸುಳಿವು ಕೊಡದ ಕಡೆ ಸೂಜಿ ಕೊಟ್ಟಿತು.

ಪುಣೆಯ ಕೆಇಎಂ ಆಸ್ಪತ್ರೆಯ ಶೀಲಾ ಭವೆ, ಆನಂದ್ ಪಂಡಿತ್ ಮತ್ತು ಬ್ರಿಟನ್ನಿನ ಸ್ಟುವರ್ಟ್ ಟ್ಯಾನರ್ 1980ರ ದಶಕದಲ್ಲಿ ತಾಯಂದಿರನ್ನು ಕೂರಿಸಿಕೊಂಡು ಮಗುವಿಗೆ ಏನು, ಯಾವಾಗಿನಿಂದ, ಯಾವ ಪಾತ್ರೆಯಲ್ಲಿ ಕೊಟ್ಟಿರಿ ಎಂದು ಕೇಳಿದರು. ಉತ್ತರ ಅಡುಗೆಮನೆಯಲ್ಲಿತ್ತು. ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಕಾಯಿಸಿಟ್ಟ ಹಾಲು ತಾಮ್ರವನ್ನು ಹೀರುತ್ತಿತ್ತು. ಎಳೆ ಮಗುವಿಗೆ ಎದೆಹಾಲಿನ ಬದಲು ಅದನ್ನೇ ಉಣಿಸಿದ್ದರು. ಕೆಲವು ಮಕ್ಕಳಲ್ಲಿ ಹುಟ್ಟಿನಿಂದ ಬಂದ ದೌರ್ಬಲ್ಯವೂ ಸೇರಿರಬಹುದು ಎಂಬ ವಾದ ಉಳಿದಿದೆ. ಆದರೆ ಸ್ಟೀಲ್ ಪಾತ್ರೆ ಮನೆಮನೆಗೆ ಬಂದ ಮೇಲೆ ಕಾಯಿಲೆ ಹೆಚ್ಚುಕಡಿಮೆ ಮಾಯವಾಯಿತು. ಬೇಗ ಪತ್ತೆಯಾದ ಮಕ್ಕಳಲ್ಲಿ ಕೆಲವರು ತಾಮ್ರ ತೆಗೆಯುವ ಔಷಧಿಯಿಂದ ಉಳಿದರು. ತಡವಾಗಿ ಬಂದವರು ಉಳಿಯಲಿಲ್ಲ. ಯಕೃತ್ತಿನ ವಿಷಯದಲ್ಲಿ ಇಡೀ ಪಂದ್ಯ ಹೊತ್ತಿನದು.

ಎರಡು ಇಲಿ, ಒಂದು ರಕ್ತ

ಬೇಗ ತಿಳಿಯಬೇಕು, ಚುಚ್ಚದೆ ತಿಳಿಯಬೇಕು. ಹಾಗಾದರೆ ರಕ್ತದಲ್ಲಿ ಹುಡುಕಬೇಕಾದದ್ದು ಏನನ್ನು? ಒಂದು ಸುಳಿವು ಅನಿರೀಕ್ಷಿತ ಕಡೆಯಿಂದ ಬಂತು: ಯಕೃತ್ತು ಮತ್ತೆ ಬೆಳೆಯುವ ಅಂಗ.

1931ರಲ್ಲಿ ಅಮೆರಿಕದ ಹಿಗಿನ್ಸ್ ಮತ್ತು ಆಂಡರ್ಸನ್ ಇಲಿಯ ಯಕೃತ್ತಿನ ಮೂರರಲ್ಲಿ ಎರಡು ಪಾಲನ್ನು ಕತ್ತರಿಸಿ ತೆಗೆದರು. ಒಂದೆರಡು ವಾರದಲ್ಲಿ ಉಳಿದ ಪಾಲು ಊದಿಕೊಂಡು ಮೊದಲಿನ ತೂಕಕ್ಕೆ ಬಂತು, ಅಲ್ಲಿಗೆ ನಿಂತಿತು. ಬೆಳೆ ಎಂದವರು ಯಾರು, ಸಾಕು ಎಂದವರು ಯಾರು? ಬೋಸ್ಟನ್ನಿನ ನ್ಯಾನ್ಸಿ ಬುಕರ್ ಈ ಪ್ರಶ್ನೆಯ ಹಿಂದೆ ವರ್ಷಗಟ್ಟಲೆ ಬಿದ್ದರು. 1967ರಲ್ಲಿ ಅವರೂ ಮೂಲ್ಟನ್ ಎಂಬ ಸಹೋದ್ಯೋಗಿಯೂ ಎರಡು ಇಲಿಗಳ ರಕ್ತನಾಳಗಳನ್ನು ಒಂದಕ್ಕೊಂದು ಜೋಡಿಸಿದರು. ಒಂದರ ಯಕೃತ್ತು ಕತ್ತರಿಸಿದರೆ, ಏನೂ ಆಗದ ಇನ್ನೊಂದರ ಯಕೃತ್ತಿನ ಕೋಶಗಳೂ ಬೆಳೆಯಲು ಸಿದ್ಧವಾದವು. ಅಂದರೆ ಬೆಳೆಯುವ ಆಜ್ಞೆ ರಕ್ತದಲ್ಲಿ ಹರಿಯುತ್ತಿತ್ತು.

ಇಂಥ ಆಜ್ಞೆ ಹೊರುವ ಪ್ರೋಟೀನುಗಳಿಗೆ ಗ್ರೋತ್ ಫ್ಯಾಕ್ಟರ್, ಬೆಳವಣಿಗೆಯ ಅಂಶ ಎಂಬ ಹೆಸರು ಆಗಲೇ ಬಂದಿತ್ತು. ನರಕೋಶದ ಅಂಶವನ್ನು ಹಿಡಿದ ರೀಟಾ ಲೆವಿ-ಮೊಂಟಾಲ್ಚೀನಿ ಮತ್ತು ಚರ್ಮದ ಕೋಶದ ಅಂಶವನ್ನು ಹಿಡಿದ ಸ್ಟ್ಯಾನ್ಲಿ ಕೋಹೆನ್ 1986ರಲ್ಲಿ ನೊಬೆಲ್ ಪಡೆದರು. ಯಕೃತ್ತಿನ ಅಂಶವನ್ನು ಹಿಡಿಯುವ ಕೆಲಸ ಬಹುಮಟ್ಟಿಗೆ ಜಪಾನಿನಲ್ಲಿ ನಡೆಯಿತು. 1984ರಲ್ಲಿ ತೊಶಿಕಾಜು ನಕಾಮುರ ಅದನ್ನು ಯಕೃತ್ತು ಕತ್ತರಿಸಿದ ಇಲಿಯ ರಕ್ತದಲ್ಲಿ ಗುರುತಿಸಿದರು. ಇನ್ನೊಂದು ತಂಡದ ಗೊಹ್ಡಾ ಮತ್ತು ಜೊತೆಗಾರರು ಅದನ್ನು ಮನುಷ್ಯರಲ್ಲೇ ಶುದ್ಧಗೊಳಿಸಿ 1988ರಲ್ಲಿ ಪ್ರಕಟಿಸಿದರು. ಅವರಿಗೆ ಅದು ಸಿಕ್ಕ ಜಾಗ ಮನ ಕಲಕುವಂಥದ್ದು: ಯಕೃತ್ತು ಹಠಾತ್ತನೆ ಸೋತು ಸಾವಿನ ಅಂಚಿಗೆ ಬಂದ ರೋಗಿಯ ಪ್ಲಾಸ್ಮಾ. ಸಾಯುತ್ತಿರುವ ಅಂಗವನ್ನು ಬೆಳೆ ಬೆಳೆ ಎಂದು ದೇಹ ಕೂಗಿ ಕರೆಯುತ್ತಿತ್ತು. ಕೇಳಿಸಿಕೊಳ್ಳುವ ಕೋಶಗಳು ಉಳಿದಿರಲಿಲ್ಲ. ಹೆಪಟೊಸೈಟ್ ಗ್ರೋತ್ ಫ್ಯಾಕ್ಟರ್, ಅಂದರೆ ಎಚ್‌ಜಿಎಫ್‌ನ ವಂಶವಾಹಿಯ ಪಾಠ 1989ರಲ್ಲಿ ಸಿಕ್ಕಿತು.

ದೀರ್ಘಕಾಲದ ಹೆಪಟೈಟಿಸ್ ಮತ್ತು ಸಿರೋಸಿಸ್ ಇರುವವರಲ್ಲೂ ಎಚ್‌ಜಿಎಫ್ ಏರಿರುವುದು 1990ರ ದಶಕದಲ್ಲಿ ಕಂಡುಬಂತು. ಅಳೆಯುವ ವಿದ್ಯೆ ಅಷ್ಟರಲ್ಲಿ ಕೈಗೆ ಬಂದಿತ್ತು. ರೊಸಾಲಿನ್ ಯಾಲೋ ಮತ್ತು ಸೊಲೊಮನ್ ಬೆರ್ಸನ್ ಇನ್ಸುಲಿನ್ನಿಗಾಗಿ ಕಂಡುಕೊಂಡ ವಿಕಿರಣದ ವಿಧಾನ, ವಾಶಿಯಲ್ಲಿ ಥೈರಾಯ್ಡ್ ಕಿಟ್ ಆಗಿ ತಯಾರಾದ ಅದೇ ವಿದ್ಯೆ, 1971ರಲ್ಲಿ ಎಲೈಸಾ ಎಂಬ ವಿಕಿರಣವಿಲ್ಲದ ರೂಪ ಪಡೆದಿತ್ತು. ಗ್ರಾಮಿನ ಶತಕೋಟಿಯ ಒಂದು ಪಾಲನ್ನೂ ಎಣಿಸಬಹುದಿತ್ತು.

ಗಾಯ ಮುಚ್ಚುವ ಕೈ, ಕತ್ತು ಹಿಸುಕುವ ಕೈ

ಬೆಳವಣಿಗೆಯ ಎಲ್ಲ ಅಂಶಗಳೂ ಯಕೃತ್ತಿನ ಗೆಳೆಯರಲ್ಲ. ಜರ್ಮನಿಯ ಕುಪ್ಫರ್ 1876ರಲ್ಲಿ ಯಕೃತ್ತಿನೊಳಗೆ ನಕ್ಷತ್ರದ ಆಕಾರದ ಕೋಶಗಳನ್ನು ಕಂಡಿದ್ದ. ಆಮೇಲೆ ಅವನೇ ಅವುಗಳನ್ನು ಬೇರೆ ಜಾತಿಯ ಕೋಶಗಳ ಜೊತೆ ಕಲಸಿಬಿಟ್ಟ. ಆ ಗೋಜಲು ಬಿಡಿಸಲು 1971ರವರೆಗೆ, ಜಪಾನಿನ ವಾಕೆಯವರೆಗೆ, ಕಾಯಬೇಕಾಯಿತು. ಆರೋಗ್ಯದ ದಿನಗಳಲ್ಲಿ ನಕ್ಷತ್ರ ಕೋಶದ ಕೆಲಸ ಎ ಜೀವಸತ್ವವನ್ನು ಕೂಡಿಡುವುದು. ಪಕ್ಕದಲ್ಲಿ ಗಾಯವಾದರೆ ಅದು ವೇಷ ಬದಲಿಸಿ ನಾರು ನೇಯತೊಡಗುತ್ತದೆ. ನಾರು ಬರುವುದು ಈ ಕೋಶದಿಂದಲೇ ಎಂಬುದು 1980ರ ದಶಕದಲ್ಲಿ ಗಟ್ಟಿಯಾಯಿತು.

ವೇಷ ಬದಲಿಸು ಎಂದು ಅದಕ್ಕೆ ಹೇಳುವ ಮುಖ್ಯ ದೂತ ಟಿಜಿಎಫ್-ಬೀಟಾ ಎಂಬ ಅಂಶ. ಹೆಚ್ಚಿ ಹರಡು ಎನ್ನುವುದು ಪಿಡಿಜಿಎಫ್ ಎಂಬ ಇನ್ನೊಂದು. ಕೈ ಕುಯ್ದುಕೊಂಡರೆ ಗಾಯ ಮುಚ್ಚುವುದೂ ಇವುಗಳ ಸಹಾಯದಿಂದಲೇ. ಕೈಯ ಗಾಯಕ್ಕೆ ಒಂದು ಕೊನೆ ಇರುತ್ತದೆ. ದಿನವೂ ಗಾಯವಾಗುವ ಯಕೃತ್ತಿಗೆ ಕೊನೆಯಿಲ್ಲ. ಹೊಲಿಗೆಯ ಮೇಲೆ ಹೊಲಿಗೆ ಬಿದ್ದು ಬಟ್ಟೆಯೇ ಕಾಣದಂತಾಗುತ್ತದೆ.

ಮೂರನೆಯ ಬಗೆಯ ಅಂಶಗಳನ್ನು ಯಕೃತ್ತೇ ತಯಾರಿಸುತ್ತದೆ. ರಕ್ತದಲ್ಲಿ ಓಡಾಡುವ ಐಜಿಎಫ್-1ರ ಬಹುಪಾಲು ಅಲ್ಲಿಯದು. ಯಕೃತ್ತು ಸೊರಗಿದಂತೆ ಅದು ಇಳಿಯುತ್ತದೆ. ಹೀಗೆ ಚಿತ್ರ ಚೆನ್ನಾಗಿ ಕೂಡಿಬಂತು: ದುರಸ್ತಿಯ ಕೂಗು ಎಚ್‌ಜಿಎಫ್, ನಾರಿನ ಆಜ್ಞೆ ಟಿಜಿಎಫ್-ಬೀಟಾ, ಉಳಿದ ಶಕ್ತಿಯ ಲೆಕ್ಕ ಐಜಿಎಫ್-1. ಮೂರನ್ನೂ ಅಳೆದರೆ ಯಕೃತ್ತಿನ ಜಾತಕ ಬರೆದಂತೆ ಎಂಬ ಆಸೆ ಹುಟ್ಟಿತು.

ಕೊಳವೆಯೊಳಗಿನ ಗೋಜಲು

ಆಸೆ ಪೂರ್ತಿ ಕೈಗೂಡಲಿಲ್ಲ. ಎಚ್‌ಜಿಎಫ್ ಯಕೃತ್ತಿಗಷ್ಟೇ ಮೀಸಲಾದ ದೂತನಲ್ಲ. ಹೃದಯಾಘಾತದಲ್ಲೂ ಸೋಂಕಿನಲ್ಲೂ ಏರುತ್ತದೆ, ಹೆಪಾರಿನ್ ಚುಚ್ಚಿದರೂ ಏರುತ್ತದೆ. ಐಜಿಎಫ್-1 ವಯಸ್ಸಾದಂತೆ ಇಳಿಯುತ್ತದೆ, ಅರೆಹೊಟ್ಟೆಯಲ್ಲಿ ಇರುವವರಲ್ಲೂ ಇಳಿಯುತ್ತದೆ.

ಟಿಜಿಎಫ್-ಬೀಟಾದ ತೊಡಕು ಇನ್ನೂ ಸೂಕ್ಷ್ಮ. ಇದೂ ಪಿಡಿಜಿಎಫ್ ಕೂಡ ಪ್ಲೇಟ್‌ಲೆಟ್ಟುಗಳೊಳಗೆ ತುಂಬಿಕೊಂಡಿರುತ್ತವೆ. ರಕ್ತವನ್ನು ಕೊಳವೆಯಲ್ಲಿ ಹೆಪ್ಪುಗಟ್ಟಲು ಬಿಟ್ಟು ಮೇಲಿನ ತಿಳಿಯನ್ನು ಅಳೆದರೆ, ಪ್ಲೇಟ್‌ಲೆಟ್ಟು ಒಡೆದು ಹೊರಬಂದದ್ದೂ ಲೆಕ್ಕಕ್ಕೆ ಸೇರುತ್ತದೆ. ಆಗ ಅಳೆದದ್ದು ಯಕೃತ್ತಿನ ಆಜ್ಞೆಯನ್ನೋ ಕೊಳವೆಯಲ್ಲಿ ನಡೆದ ಗದ್ದಲವನ್ನೋ? ಸಿರೋಸಿಸ್ ಇರುವವರಲ್ಲಿ ಪ್ಲೇಟ್‌ಲೆಟ್ಟುಗಳೇ ಕಡಿಮೆ. ಹಾಗಾಗಿ ಕಾಯಿಲೆ ಹೆಚ್ಚಿದ್ದವರಲ್ಲೇ ಅಂಕಿ ಕಡಿಮೆ ಬರಲೂಬಹುದು. ಅದಲ್ಲದೆ ಟಿಜಿಎಫ್-ಬೀಟಾದ ಹೆಚ್ಚಿನ ಪಾಲು ನಿದ್ದೆಯ ರೂಪದಲ್ಲಿರುತ್ತದೆ. ಎಚ್ಚರವಾಗುವುದು ಅಂಗದೊಳಗೆ, ಬೇಕಾದ ಜಾಗದಲ್ಲಿ ಮಾತ್ರ. ತೋಳಿನ ರಕ್ತಕ್ಕೆ ಅದರ ಸುದ್ದಿ ಅರ್ಧಂಬರ್ಧ ಬರುತ್ತದೆ.

ಸಂಶೋಧಕರು ಬೇರೆ ದಾರಿ ಹಿಡಿದರು. ಆಜ್ಞೆಯನ್ನು ಬಿಟ್ಟು, ಆಜ್ಞೆಯಿಂದಾದ ಕೆಲಸದ ಕಸವನ್ನು ಅಳೆದರು. ನಾರು ನೇಯುವಾಗ ಉದುರುವ ತುಣುಕುಗಳನ್ನು ಸೇರಿಸಿ ಅಳೆಯುವ ಇಎಲ್‌ಎಫ್ ಪರೀಕ್ಷೆಯ ಮೂಲ ಬ್ರಿಟನ್ನಿನ ನೇತೃತ್ವದಲ್ಲಿ 2004ರಲ್ಲಿ ಬಂದ ಅಧ್ಯಯನ. 2003ರ ಹೊತ್ತಿಗೆ ಫ್ರಾನ್ಸಿನಿಂದ ಫೈಬ್ರೊಸ್ಕ್ಯಾನ್ ಬಂತು. ಪಕ್ಕೆಯ ಮೇಲೆ ಮೆಲ್ಲಗೆ ತಟ್ಟಿ ಯಕೃತ್ತಿನ ಗಡಸುತನವನ್ನು ಅಳೆಯುವ ಯಂತ್ರ ಅದು. ಎರಡೂ ಒಳ್ಳೆಯವೇ. ತಾಲ್ಲೂಕು ಆಸ್ಪತ್ರೆಗೆ ಎರಡೂ ದೂರ.

ಲಕ್ಷದ ಲೆಕ್ಕ

ತಾಲ್ಲೂಕು ಆಸ್ಪತ್ರೆಗೆ ಎಟುಕುವ ಉತ್ತರ ಹಳೆಯ ಕಾಗದದಲ್ಲೇ ಇತ್ತು. 2003ರಲ್ಲಿ ಅಮೆರಿಕದ ಮಿಷಿಗನ್ನಿನ ತಂಡ ಎಎಸ್‌ಟಿ ಮತ್ತು ಪ್ಲೇಟ್‌ಲೆಟ್ ಎಣಿಕೆ ಎರಡನ್ನೇ ಬಳಸಿ ಎಪಿಆರ್‌ಐ ಎಂಬ ಸೂಚ್ಯಂಕ ಮಾಡಿತು. 2006ರಲ್ಲಿ ಫಿಬ್-4 ಬಂತು. ವಯಸ್ಸನ್ನು ಎಎಸ್‌ಟಿಯಿಂದ ಗುಣಿಸಬೇಕು. ಬಂದದ್ದನ್ನು ಪ್ಲೇಟ್‌ಲೆಟ್ ಎಣಿಕೆ ಮತ್ತು ಎಎಲ್‌ಟಿಯ ವರ್ಗಮೂಲ ಎರಡರ ಗುಣಲಬ್ಧದಿಂದ ಭಾಗಿಸಬೇಕು, ಅಷ್ಟೇ. ನಮ್ಮ ವರದಿಗಳಲ್ಲಿ ಪ್ಲೇಟ್‌ಲೆಟ್ ಲಕ್ಷದ ಲೆಕ್ಕದಲ್ಲಿರುತ್ತದೆ. 2.6 ಲಕ್ಷ ಇದ್ದರೆ ಸೂತ್ರದಲ್ಲಿ 260 ಎಂದು ಹಾಕಬೇಕು. 52 ವರ್ಷದ ಒಬ್ಬರ ಎಎಸ್‌ಟಿ 30, ಎಎಲ್‌ಟಿ 36, ಪ್ಲೇಟ್‌ಲೆಟ್ 2.6 ಲಕ್ಷ ಎಂದುಕೊಳ್ಳಿ. ಉತ್ತರ 1. ಅದೇ ವಯಸ್ಸಿನ ಇನ್ನೊಬ್ಬರ ಎಎಸ್‌ಟಿ 60, ಎಎಲ್‌ಟಿ 49, ಪ್ಲೇಟ್‌ಲೆಟ್ 1.3 ಲಕ್ಷ. ಉತ್ತರ 3.4. ಫ್ಯಾಟಿ ಲಿವರ್ ಇರುವವರಲ್ಲಿ 1.3ಕ್ಕಿಂತ ಕಡಿಮೆ ಇದ್ದರೆ ಬಲಿತ ನಾರು ಇರುವ ಸಂಭವ ಕಡಿಮೆ. 2.67 ದಾಟಿದರೆ ತಜ್ಞರನ್ನು ಕಾಣಲೇಬೇಕು. ನಡುವೆ ಬಿದ್ದರೆ ಫೈಬ್ರೊಸ್ಕ್ಯಾನಿನಂಥ ಇನ್ನೊಂದು ಪರೀಕ್ಷೆ. 65 ದಾಟಿದವರಿಗೆ ಕೆಳಗಿನ ಗೆರೆಯನ್ನು 2ಕ್ಕೆ ಏರಿಸುತ್ತಾರೆ.

ಯಕೃತ್ತಿನ ನಾರಿಗೂ ಪ್ಲೇಟ್‌ಲೆಟ್ಟಿಗೂ ಏನು ಸಂಬಂಧ? ನಾರು ಕಟ್ಟಿದ ಯಕೃತ್ತಿನಲ್ಲಿ ರಕ್ತ ಸರಾಗವಾಗಿ ಹರಿಯದೆ ಹಿಂದಕ್ಕೆ ಒತ್ತುತ್ತದೆ. ಗುಲ್ಮ ಊದಿಕೊಂಡು ಪ್ಲೇಟ್‌ಲೆಟ್ಟುಗಳನ್ನು ತನ್ನಲ್ಲೇ ಹಿಡಿದಿಡುತ್ತದೆ. ಇದು ಹಳೆಯ ತಿಳಿವಳಿಕೆ. 1994ರಲ್ಲಿ ಹಲವು ತಂಡಗಳು ಒಮ್ಮೆಗೇ ಥ್ರಾಂಬೊಪೊಯೆಟಿನ್ ಎಂಬ ಅಂಶವನ್ನು ಹಿಡಿದವು. ಮೂಳೆಯ ಮಜ್ಜೆಗೆ ಪ್ಲೇಟ್‌ಲೆಟ್ ಮಾಡು ಎಂದು ಆಜ್ಞೆ ಕೊಡುವುದು ಇದೇ. ಇದನ್ನು ಮುಖ್ಯವಾಗಿ ತಯಾರಿಸುವ ಅಂಗ ಯಕೃತ್ತು. ಯಕೃತ್ತು ಸೋತರೆ ಆಜ್ಞೆ ಕ್ಷೀಣಿಸುತ್ತದೆ. ಹೊಸ ಯಕೃತ್ತು ಕಸಿ ಮಾಡಿದ ಮೇಲೆ ಪ್ಲೇಟ್‌ಲೆಟ್ ಮತ್ತೆ ಏರುತ್ತದೆ. ಅಂದರೆ ದುಬಾರಿ ಎಲೈಸಾ ಕಿಟ್ಟುಗಳಲ್ಲಿ ಹುಡುಕುತ್ತಿದ್ದ ಬೆಳವಣಿಗೆಯ ಅಂಶಗಳಲ್ಲಿ ಒಂದರ ನೆರಳು ಸಾಮಾನ್ಯ ರಕ್ತ ಪರೀಕ್ಷೆಯ ಹಾಳೆಯಲ್ಲಿ ಮೊದಲಿನಿಂದಲೂ ಬೀಳುತ್ತಿತ್ತು.

ಈ ಲೆಕ್ಕಕ್ಕೂ ಮಿತಿಯಿದೆ. ಡೆಂಗಿ ಬಂದವರಲ್ಲಿ ಪ್ಲೇಟ್‌ಲೆಟ್ ಇಳಿದು ಎಎಸ್‌ಟಿ ಏರುತ್ತದೆ. ಮಳೆಗಾಲದ ಜ್ವರದ ವರದಿ ಹಿಡಿದು ಫಿಬ್-4 ಹಾಕಿದರೆ ಸುಮ್ಮನೆ ಹೆದರಬೇಕಾಗುತ್ತದೆ. 35ಕ್ಕಿಂತ ಕಿರಿಯರಲ್ಲಿ ಈ ಸೂತ್ರ ನೆಚ್ಚಿಕೆಯದಲ್ಲ. ಇದು ರೋಗನಿರ್ಣಯವೂ ಅಲ್ಲ, ಯಾರನ್ನು ಮುಂದಕ್ಕೆ ಕಳಿಸಬೇಕು ಎಂದು ಹೇಳುವ ಜರಡಿ.

ಆದರೆ ಜರಡಿ ಹಿಡಿಯುವ ಕಾಲ ಬಂದಿದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮ ಬಿ ಮತ್ತು ಸಿ ವೈರಸ್ಸುಗಳಿಗೆ ಸರ್ಕಾರಿ ಕೇಂದ್ರಗಳಲ್ಲಿ ಉಚಿತ ಪರೀಕ್ಷೆ, ಔಷಧಿ ಕೊಡುತ್ತದೆ. ಹೆಪಟೈಟಿಸ್ ಸಿಯನ್ನು ಈಗ ಕೆಲವು ತಿಂಗಳ ಮಾತ್ರೆಯಲ್ಲೇ ಗುಣಪಡಿಸಬಹುದು. ಮದ್ಯ ಮುಟ್ಟದವರಲ್ಲೂ ಬರುವ ಫ್ಯಾಟಿ ಲಿವರನ್ನು ಕೇಂದ್ರ ಸರ್ಕಾರ 2021ರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡಗಳ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಸೇರಿಸಿತು. ಕಾರಣ ನಿಂತರೆ ನಾರು ಕರಗಬಲ್ಲದು ಎಂಬುದು ಇಷ್ಟು ವರ್ಷಗಳ ಕೆಲಸದಿಂದ ಬಂದ ದೊಡ್ಡ ತಿಳಿವಳಿಕೆ. ಲೆನೆಕ್ ಹೆಣದಲ್ಲಿ ಕಂಡ ಗಂಟು ವಿಧಿಯ ಬರಹವಲ್ಲ, ಬೇಗ ಗೊತ್ತಾದರೆ ಬಿಚ್ಚಬಹುದಾದದ್ದು.

ಮಾರುಕಟ್ಟೆಯಲ್ಲಿ ಮೂಟೆ ಹೊರುವವರ, ಹೋಟೆಲಿನಲ್ಲಿ ರಾತ್ರಿ ಹನ್ನೆರಡಕ್ಕೆ ಊಟ ಮಾಡುವವರ ಸಾವಿರಾರು ವರದಿಗಳಲ್ಲಿ ಈ ಸೂತ್ರಕ್ಕೆ ಬೇಕಾದ ನಾಲ್ಕು ಅಂಕಿಗಳೂ ಅಚ್ಚಾಗಿ ಬರುತ್ತವೆ: ಒಂದು ಹಾಳೆಯಲ್ಲಿ ಪ್ಲೇಟ್‌ಲೆಟ್, ಇನ್ನೊಂದರಲ್ಲಿ ಎರಡು ಕಿಣ್ವ, ಮೇಲ್ಗಡೆ ಹೆಸರಿನ ಪಕ್ಕ ವಯಸ್ಸು. ಮಿತಿಯ ಹೊರಗಿದ್ದರೆ ಅಂಕಿ ದಪ್ಪ ಅಕ್ಷರದಲ್ಲಿರುತ್ತದೆ, ಒಳಗಿದ್ದರೆ ಯಾರ ಕಣ್ಣೂ ಅಲ್ಲಿ ನಿಲ್ಲುವುದಿಲ್ಲ. ಒಂದೊಂದೂ ತನ್ನ ಪಾಡಿಗೆ ಮಿತಿಯ ಅಂಚಿನಲ್ಲಿದ್ದು, ನಾಲ್ಕೂ ಸೇರಿದಾಗ ಮಾತ್ರ ಗಾಯದ ಗುರುತು ಕಾಣುವುದುಂಟು. ರಕ್ತ ತೆಗೆದು ಆಗಿದೆ, ಹಣ ಕೊಟ್ಟೂ ಆಗಿದೆ. ಬಾಕಿ ಇರುವುದು ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟು ಒಂದು ಭಾಗಾಕಾರ ಮಾಡುವ ಕೆಲಸ.